ಶಾಲೆಯ ಪುಸ್ತಕಭಂಡಾರದ ಬೀಗ ತೆಗೆಯುವಾಗ

ಬೇಸಗೆಯ ರಜ ಮುಗಿಯುತ್ತ ಬಂದಿತೆಂದರೆ ನಮ್ಮ ಊರುಗಳಲ್ಲಿ ಮೊದಲು ಚುರುಕಾಗುವುದು ಪುಸ್ತಕದಂಗಡಿ. ನೋಟ್‌ಬುಕ್ಕು, ರಟ್ಟಿಗೆ ಹಾಕುವ ಕಂದು ಕಾಗದ, ಹೊಸ ಚೀಲ, ಕೊಡೆ ಇವುಗಳ ಪಟ್ಟಿ ಹಿಡಿದು ತಾಯಿತಂದೆಯರು ಅಂಗಡಿಯಿಂದ ಅಂಗಡಿಗೆ ತಿರುಗುತ್ತಾರೆ. ಹೋದ ವರ್ಷದ ಅಳತೆಗಿಂತ ಈ ವರ್ಷ ಎರಡು ಅಂಗುಲ ಹೆಚ್ಚಾಗಿದೆಯೆಂದು ದರ್ಜಿ ಹೇಳಿದಾಗ ಮನೆಯಲ್ಲಿ ಸಂತೋಷವೂ ಆಗುತ್ತದೆ, ಖರ್ಚಿನ ಯೋಚನೆಯೂ ಆಗುತ್ತದೆ. ಈ ಸಡಗರದ ನಡುವೆ ಶಾಲೆಯ ಒಂದು ಮೂಲೆಯಲ್ಲಿ ಇನ್ನೊಂದು ಸಿದ್ಧತೆ ನಡೆಯಬೇಕಾಗಿರುತ್ತದೆ. ಅದನ್ನು ವಿಚಾರಿಸುವವರು ಕಡಮೆ. ಏಪ್ರಿಲ್ ತಿಂಗಳಲ್ಲಿ ಪುಸ್ತಕದ ಬೀರುಗಳಿಗೆ ಹಾಕಿದ ಬೀಗವನ್ನು ತೆಗೆದು, ಒಳಗಿನ ಅವಸ್ಥೆ ಏನೆಂದು ನೋಡಿ, ಮಕ್ಕಳು ಬರುವ ಹೊತ್ತಿಗೆ ಪುಸ್ತಕಗಳು ಅವರ ಕೈಗೆ ಸಿಕ್ಕುವಂತೆ ಅಣಿಮಾಡುವ ಕೆಲಸ ಅದು.

ಈ ಕೆಲಸ ಯಾರ ಪಾಲಿಗೆ ಬರುತ್ತದೆ? ನಮ್ಮ ಬಹಳಷ್ಟು ಶಾಲೆಗಳಲ್ಲಿ ಇದಕ್ಕೆಂದೇ ನೇಮಕವಾದ ಗ್ರಂಥಪಾಲಕರಿಲ್ಲ. ಕನ್ನಡವನ್ನೋ ಸಮಾಜವಿಜ್ಞಾನವನ್ನೋ ಹೇಳಿಕೊಡುವ ಉಪಾಧ್ಯಾಯರೊಬ್ಬರ ಕೈಗೆ ಬೀಗದ ಕೈಯ ಗೊಂಚಲು ಸೇರಿರುತ್ತದೆ; ಅವರಿಗೆ ಇರುವ ಹತ್ತು ಜವಾಬ್ದಾರಿಗಳಲ್ಲಿ ಇದು ಹನ್ನೊಂದನೆಯದು. ಕಾನೂನಿನ ಮಟ್ಟಿಗೆ ಹೇಳುವುದಾದರೆ ವಿಷಯ ಸ್ಪಷ್ಟವಾಗಿಯೇ ಇದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯ ಪ್ರಕಾರ ಪ್ರತಿಯೊಂದು ಶಾಲೆಯಲ್ಲಿಯೂ ಪುಸ್ತಕಭಂಡಾರ ಇರತಕ್ಕದ್ದು. ಅದರಲ್ಲಿ ವೃತ್ತಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯಗಳ ಪುಸ್ತಕ, ಜೊತೆಗೆ ಕಥೆಪುಸ್ತಕಗಳೂ ದೊರೆಯಬೇಕು. ಕಥೆಪುಸ್ತಕವನ್ನು ಹೆಸರಿಸಿಯೇ ಹೇಳಿರುವುದು ಗಮನಿಸತಕ್ಕ ಮಾತು. ಆದರೆ ಬೀರು ಇದ್ದ ಮಾತ್ರಕ್ಕೆ ಪುಸ್ತಕಭಂಡಾರ ಇದ್ದಂತಾಗುವುದಿಲ್ಲ. ಅದು ಇದೆಯೇ ಇಲ್ಲವೇ ಎಂಬುದು ತೀರ್ಮಾನವಾಗುವುದು ಶಾಲೆ ತೆರೆಯುವ ಆ ಒಂದು ವಾರದಲ್ಲಿ. ಆಗ ತೆರೆಯದ ಬೀಗ ಸಾಮಾನ್ಯವಾಗಿ ದಸರೆಯವರೆಗೂ ತೆರೆಯುವುದಿಲ್ಲ. ದಸರೆ ಕಳೆದ ಮೇಲೆ ಪರೀಕ್ಷೆಯ ಗಡಿಬಿಡಿ.

ಮೊದಲು ಹುಳುಗಳ ವಿಚಾರ. ಎರಡು ತಿಂಗಳು ಮುಚ್ಚಿದ ಬೀರಿನೊಳಗೆ ಕತ್ತಲೆಯಿದೆ, ಗಾಳಿಯ ಓಡಾಟವಿಲ್ಲ, ಯಾರ ಉಪದ್ರವವೂ ಇಲ್ಲ. ಬೆಳ್ಳಿಯ ಹಾಗೆ ಮಿರುಗುವ, ರೆಕ್ಕೆಯಿಲ್ಲದ, ಹಾಳೆ ತಿರುವಿದೊಡನೆ ಸರಕ್ಕನೆ ಜಾರಿಹೋಗುವ ಹುಳುವನ್ನು ಎಲ್ಲರೂ ಕಂಡಿರುತ್ತೀರಿ. ಅದಕ್ಕೆ ಬೇಕಾದದ್ದು ನಮ್ಮ ಸಾಹಿತ್ಯವಲ್ಲ, ರಟ್ಟಿನ ಬೆನ್ನಿಗೆ ಬಳಿದ ಮೈದಾ ಅಂಟು. ಆದುದರಿಂದಲೇ ಅದು ಮೊದಲು ಬೈಂಡಿನ ಹೊಲಿಗೆಯ ಬಳಿ ಮೇಯಲಾರಂಭಿಸುತ್ತದೆ, ಆಮೇಲೆ ಹಾಳೆಗೆ ಬರುತ್ತದೆ. ಹಳೆಯ ಕಾಲದ ಬೈಂಡಿನವರು ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕುತ್ತಿದ್ದುದು ಈ ಕಾರಣಕ್ಕೆ. ಮೈಲುತುತ್ತ ವಿಷ, ಮಕ್ಕಳಿಂದ ರಟ್ಟು ಅಂಟಿಸುವ ಶಾಲೆಗಳಲ್ಲಿ ಅದರ ಗೊಡವೆಗೆ ಹೋಗಬಾರದು.

ಗೆದ್ದಲಿನ ರೀತಿ ಬೇರೆ. ಅದು ನೆಲದಿಂದ, ಗೋಡೆಯ ಬಿರುಕಿನಿಂದ ಮಣ್ಣಿನ ಸುರಂಗ ಕಟ್ಟಿಕೊಂಡು ಬರುತ್ತದೆ. ಪುಸ್ತಕದ ಹೊರರಟ್ಟು ನೆಟ್ಟಗೇ ಇರುತ್ತದೆ, ತೆರೆದು ನೋಡಿದರೆ ಒಳಗೆ ಮಣ್ಣಿನ ಹೆಂಟೆ! ಗೋಡೆಗೆ ಒತ್ತಿ ನಿಲ್ಲಿಸಿದ ಮರದ ಬೀರುವಿಗೆ ಇದರ ಭಯ ಹೆಚ್ಚು. ಬೀರುವನ್ನು ಗೋಡೆಯಿಂದ ಅರ್ಧ ಅಡಿ ಮುಂದಕ್ಕೆ ಎಳೆದು ನಿಲ್ಲಿಸಿದರೆ ಎರಡು ಪ್ರಯೋಜನಗಳುಂಟು: ಗೆದ್ದಲಿನ ದಾರಿ ಕಣ್ಣಿಗೆ ಬೀಳುತ್ತದೆ, ಗೋಡೆಯ ತೇವ ಬೀರುವಿಗೆ ತಾಗುವುದಿಲ್ಲ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಈ ಎರಡನೆಯದೇ ದೊಡ್ಡ ಮಾತು. ಅಲ್ಲಿ ಶಾಲೆ ತೆರೆಯುವುದೂ ಮಳೆಗಾಲ ಹಿಡಿಯುವುದೂ ಹೆಚ್ಚುಕಡಮೆ ಒಂದೇ ವಾರದಲ್ಲಿ. ಗಾಳಿಯ ತೇವ ನೂರಕ್ಕೆ ಅರವತ್ತೈದು ಎಪ್ಪತ್ತರ ಮಟ್ಟವನ್ನು ದಾಟಿ ಹಾಗೆಯೇ ನಿಂತಿತೆಂದರೆ ಕಾಗದದ ಮೇಲೆ ಬೂಷ್ಟು ಹಿಡಿಯಲು ಬೇರೇನೂ ಬೇಕಿಲ್ಲ. ಆದಕಾರಣ ಪುಸ್ತಕಗಳನ್ನು ಹೊರತೆಗೆದು ಗಾಳಿಗೆ ಹಾಕುವ ಕೆಲಸವನ್ನು ಮೊದಲ ಮಳೆಗೆ ಮುಂಚೆಯೇ ಮುಗಿಸಬೇಕು. ಗಾಳಿಗೆ ಎಂದೆನೇ ಹೊರತು ಬಿಸಿಲಿಗೆ ಎನ್ನಲಿಲ್ಲ. ಹಪ್ಪಳ ಸಂಡಿಗೆಗಳಂತೆ ಪುಸ್ತಕವನ್ನು ಅಂಗಳದಲ್ಲಿ ಹರಡುವುದು ನಮ್ಮಲ್ಲಿ ರೂಢಿ. ಆದರೆ ಉರಿಬಿಸಿಲಿಗೆ ಕಾಗದ ಹಳದಿಯಾಗಿ ಗರಿಗರಿಯಾಗುತ್ತದೆ, ರಟ್ಟು ಬಿಲ್ಲಿನಂತೆ ಬಾಗುತ್ತದೆ. ನೆರಳಿರುವ ಜಗಲಿಯಲ್ಲಿ ಪುಸ್ತಕವನ್ನು ಬೀಸಣಿಗೆಯ ಹಾಗೆ ಸ್ವಲ್ಪ ಬಿಚ್ಚಿ ಅರ್ಧ ದಿನ ನಿಲ್ಲಿಸಿದರೆ ಸಾಕು. ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸದೆ, ಮೆದುವಾದ ಕುಂಚದಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ತಳ್ಳಬೇಕು. ಬೂಷ್ಟು ಹಿಡಿದ ಪುಸ್ತಕ ಸಿಕ್ಕಿದರೆ ಬೇರೆಯಾಗಿ ಇಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ದೊಡ್ಡವರೇ ಅದನ್ನು ಹೊರಗೆ ಒಯ್ದು ಒಣಗಿಸಿ ಝಾಡಿಸಬೇಕು. ಮಕ್ಕಳಿಂದ ಮಾಡಿಸುವ ಕೆಲಸವಲ್ಲ.

ಬೀರುವಿನಲ್ಲಿ ಡಾಂಬರು ಗುಳಿಗೆ ಹಾಕಿಡುವುದು ಎಲ್ಲ ಕಡೆಯ ಪದ್ಧತಿ. ರಜದಲ್ಲಿ ಮುಚ್ಚಿದ ಬೀರುವಿನೊಳಗೆ ಅದು ಇದ್ದರೆ ಇರಲಿ. ಆದರೆ ಶಾಲೆ ತೆರೆಯುವ ಎರಡು ದಿನ ಮುಂಚೆ ಎಲ್ಲವನ್ನೂ ಆಯ್ದು ತೆಗೆದು ಬಾಗಿಲು ತೆರೆದಿಡಬೇಕು. ಅದರ ಆವಿ ಚಿಕ್ಕ ಮಕ್ಕಳಿಗೆ ಒಳ್ಳೆಯದಲ್ಲ. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಬಗೆಯ ಕೊರತೆಯಿರುವವರಿಗೆ ಅದು ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ಸಾಲದುದಕ್ಕೆ ನೋಡಲು ಪೆಪ್ಪರಮಿಂಟಿನ ಹಾಗಿರುತ್ತದೆ. ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಅಷ್ಟು ಬಲವಾದ ಔಷಧವಲ್ಲದಿದ್ದರೂ ನಿರಪಾಯಕಾರಿ. ನಮ್ಮ ಹಿರಿಯರು ತಾಳೆಯೋಲೆಯ ಕಟ್ಟುಗಳ ನಡುವೆ ಬಜೆಯ ಬೇರನ್ನು ಇಡುತ್ತಿದ್ದರು, ಓಲೆಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುತ್ತಿದ್ದರು.

ತಾಳೆಯೋಲೆಯ ಮಾತು ಬಂದುದರಿಂದ ಒಂದು ಸಂಗತಿ ಹೇಳಬೇಕೆನಿಸುತ್ತದೆ. ಜೈನರಲ್ಲಿ ಜ್ಯೇಷ್ಠ ಶುದ್ಧ ಪಂಚಮಿಗೆ ಶ್ರುತಪಂಚಮಿಯೆಂದು ಹೆಸರು. ಆ ದಿನ ಶಾಸ್ತ್ರಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಝಾಡಿಸಿ, ಹೊಸ ಬಟ್ಟೆಯಲ್ಲಿ ಕಟ್ಟಿ, ಪೂಜಿಸಿ ಇಡುತ್ತಾರೆ. ಹಬ್ಬ ಬರುವುದು ನಮ್ಮ ಶಾಲೆಗಳು ತೆರೆಯುವ ದಿನಗಳ ಆಸುಪಾಸಿನಲ್ಲಿಯೇ, ಮಳೆಗಾಲದ ಹೊಸ್ತಿಲಲ್ಲಿ. ಮೂಡಬಿದಿರೆಯ ಬಸದಿಯಲ್ಲಿ ಧವಲಾ ಮೊದಲಾದ ಸಿದ್ಧಾಂತಗ್ರಂಥಗಳ ಓಲೆಗಳು ಶತಮಾನಗಳ ಕಾಲ ಹುಳುವಿಗೂ ಬೂಷ್ಟಿಗೂ ಸಿಕ್ಕದೆ ಉಳಿದುಬಂದದ್ದು ಇಂಥ ಎಚ್ಚರಿಕೆಯಿಂದ. ಆದರೆ ಅಷ್ಟೂ ಕಾಲ ಅವು ಭಕ್ತರಿಗೆ ದರ್ಶನಕ್ಕೆ ಇದ್ದುವೇ ಹೊರತು ವಿದ್ವಾಂಸರಿಗೆ ಓದಲು ಸಿಕ್ಕುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿಮಾಡುವ ಕೆಲಸ ಆರಂಭವಾಗಿ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಕಾಪಾಡುವುದು ಒಂದು ಕೆಲಸ, ಓದಲು ಕೊಡುವುದು ಇನ್ನೊಂದು. ಮೊದಲನೆಯದನ್ನು ಚೆನ್ನಾಗಿ ಮಾಡಿದವರು ಎರಡನೆಯದನ್ನು ಮಾಡಿಯೇ ತೀರುತ್ತಾರೆಂಬ ನಿಯಮವೇನೂ ಇಲ್ಲ. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗೆ ಇಟ್ಟು ಒಂದೆರಡು ದಿನ ಯಾರೂ ಮುಟ್ಟಬಾರದೆನ್ನುತ್ತೇವೆ. ಕೆಲವು ಶಾಲೆಗಳ ಬೀರುಗಳಲ್ಲಿ ವರ್ಷವೆಲ್ಲ ಸರಸ್ವತೀಪೂಜೆಯೇ.

ಇದಕ್ಕೆ ಕಾರಣ ಉಪಾಧ್ಯಾಯರ ಸೋಮಾರಿತನವೆಂದು ಸುಲಭವಾಗಿ ಹೇಳಿಬಿಡಬಹುದು. ಅದು ನ್ಯಾಯವಲ್ಲ. ನಿಜವಾದ ಕಾರಣ ಹೆದರಿಕೆ. ಪುಸ್ತಕಗಳೆಲ್ಲ ಒಂದು ದೊಡ್ಡ ವಹಿಯಲ್ಲಿ ದಾಖಲಾಗಿರುತ್ತವೆ. ಶಾಲೆಗಳಲ್ಲಿ ಅದನ್ನು ಅಕ್ಸೆಷನ್ ರಿಜಿಸ್ಟರ್ ಎನ್ನುತ್ತಾರೆ. ಕ್ರಮಸಂಖ್ಯೆ, ಬಂದ ದಿನಾಂಕ, ಗ್ರಂಥಕರ್ತರು, ಹೆಸರು, ಪ್ರಕಾಶಕರು, ಬೆಲೆ, ಕೊನೆಯಲ್ಲಿ ಷರಾ. ಉಪಾಧ್ಯಾಯರಿಗೆ ವರ್ಗವಾದಾಗ ಈ ವಹಿಯಲ್ಲಿರುವ ಪ್ರತಿಯೊಂದು ಪುಸ್ತಕವನ್ನೂ ಮುಂದಿನವರಿಗೆ ಲೆಕ್ಕ ಒಪ್ಪಿಸಬೇಕು. ಹತ್ತು ಪುಸ್ತಕ ಕಡಮೆ ಬಿದ್ದರೆ ಎಲ್ಲಿ ಸಂಬಳದಿಂದ ಹಿಡಿಯುತ್ತಾರೋ, ಎಲ್ಲಿ ವಿವರಣೆ ಕೇಳುತ್ತಾರೋ ಎಂಬ ಅಳುಕು. ಪುಸ್ತಕ ಕಳೆಯದಂತೆ ನೋಡಿಕೊಳ್ಳಲು ಒಂದೇ ಒಂದು ಖಂಡಿತವಾದ ಉಪಾಯವಿದೆ, ಯಾರಿಗೂ ಕೊಡದೆ ಇರುವುದು. ಸಂಸಾರವಂದಿಗರಾದ ಉಪಾಧ್ಯಾಯರು ಆ ಉಪಾಯವನ್ನೇ ಹಿಡಿದರೆ ಆಶ್ಚರ್ಯವೇನು?

ಆದರೆ ಸರ್ಕಾರದ ಲೆಕ್ಕಪತ್ರದ ನಿಯಮಗಳು ನಾವು ಅಂದುಕೊಂಡಷ್ಟು ಕಟುವಾಗಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಪುಸ್ತಕಭಂಡಾರಗಳ ತಪಾಸಣೆಯನ್ನು ಕುರಿತದ್ದು. ಇಪ್ಪತ್ತು ಸಾವಿರದವರೆಗೆ ಪುಸ್ತಕಗಳಿರುವಲ್ಲಿ ವರ್ಷಕ್ಕೊಮ್ಮೆ ಪೂರ್ತಿ ಎಣಿಕೆ ನಡೆಯಬೇಕು ಎನ್ನುವ ಆ ನಿಯಮವೇ, ಒಂದು ವರ್ಷದಲ್ಲಿ ಓದುಗರಿಗೆ ಕೊಟ್ಟ ಅಥವಾ ಅವರು ಬಳಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದುಹೋಗುವುದು ಸಹಜವೆಂದು ಒಪ್ಪಿಕೊಳ್ಳುತ್ತದೆ. ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇರಕೂಡದು. ಸಾವಿರ ರೂಪಾಯಿಗೆ ಮೇಲ್ಪಟ್ಟ ಅಥವಾ ಅಪರೂಪದ ಪುಸ್ತಕ ಹೋದರೆ ವಿಚಾರಣೆ ಆಗಲೇಬೇಕು. ಮಿಕ್ಕಂತೆ ಸಾವಿರಕ್ಕೆ ಐದು ಮಾಫಿ. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಈ ಲೆಕ್ಕ ಬೀರುವಿನಲ್ಲಿರುವ ಪುಸ್ತಕಗಳ ಮೇಲಲ್ಲ, ಹೊರಗೆ ಕೊಟ್ಟ ಪುಸ್ತಕಗಳ ಮೇಲೆ. ನಾನೂರು ಮಕ್ಕಳಿರುವ ಶಾಲೆಯಲ್ಲಿ ತಲೆಗೆ ಹತ್ತರಂತೆ ವರ್ಷಕ್ಕೆ ನಾಲ್ಕು ಸಾವಿರ ಸಲ ಪುಸ್ತಕ ಹೊರಗೆ ಹೋಯಿತೆನ್ನಿ; ಇಪ್ಪತ್ತು ಪುಸ್ತಕ ಹೋದರೂ ಆ ಲೆಕ್ಕದೊಳಗೇ ಇರುತ್ತದೆ. ಒಂದನ್ನೂ ಕೊಡದ ಶಾಲೆಗೆ ರಿಯಾಯಿತಿ ಸೊನ್ನೆ. ಅಲ್ಲಿ ಗೆದ್ದಲು ತಿಂದ ಪುಸ್ತಕಕ್ಕೂ ಉತ್ತರ ಹೇಳಬೇಕು!

ಇದು ಕೇಂದ್ರದ ಇಲಾಖೆಗಳಿಗೆ ಮಾಡಿದ ನಿಯಮ. ರಾಜ್ಯದ ಶಾಲೆಗಳು ರಾಜ್ಯದ ಆದೇಶಗಳಂತೆ ನಡೆಯಬೇಕು, ಖಾಸಗಿ ಶಾಲೆಗಳು ತಮ್ಮ ಆಡಳಿತ ಮಂಡಳಿಯ ತೀರ್ಮಾನದಂತೆ. ಆದರೂ ಅದರ ಹಿಂದಿನ ವಿವೇಕವನ್ನು ತೆಗೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಶಾಲೆ ತೆರೆದ ಮೇಲಿನ ಮೊದಲ ಸಭೆಯಲ್ಲಿಯೇ ಶಾಲಾಭಿವೃದ್ಧಿ ಸಮಿತಿಯ ಮುಂದೆ ಮುಖ್ಯೋಪಾಧ್ಯಾಯರು ಈ ವಿಷಯವಿಟ್ಟು, ಇಷ್ಟರವರೆಗಿನ ನಷ್ಟವನ್ನು ಬಳಕೆಯ ಸವೆತವೆಂದು ನೋಡಲಾಗುವುದು, ಉಪಾಧ್ಯಾಯರ ಮೇಲೆ ಹೊರಿಸಲಾಗದು ಎಂಬುದನ್ನು ನಡವಳಿ ಪುಸ್ತಕದಲ್ಲಿ ಬರೆಸಲಿ. ಮೇಲಿನ ಅಧಿಕಾರಿಗಳಿಗೆ ಅದರ ಪ್ರತಿ ಹೋಗಲಿ. ಅರ್ಧ ಹಾಳೆಯ ಈ ಬರಹ ಹೊಸ ಬೀರುವಿಗಿಂತ ಹೆಚ್ಚು ಕೆಲಸ ಮಾಡೀತು.

ಎಣಿಕೆಗೆ ಇಬ್ಬರು ಬೇಕು. ಒಬ್ಬರು ಕಪಾಟಿನಿಂದ ಪುಸ್ತಕ ತೆಗೆದು ಸಂಖ್ಯೆಯನ್ನು ಓದುವುದು, ಇನ್ನೊಬ್ಬರು ವಹಿಯಲ್ಲಿ ಗುರುತು ಹಾಕುವುದು. ಎರಡು ಸಾವಿರ ಪುಸ್ತಕಗಳಿದ್ದರೆ ಎರಡು ಮೂರು ದಿನದ ಕೆಲಸ. ಕಾಣೆಯಾದ ಪುಸ್ತಕದ ಸಂಖ್ಯೆಯನ್ನು ಹೊಸ ಪುಸ್ತಕಕ್ಕೆ ಕೊಡುವ ಅಭ್ಯಾಸ ಕೆಲವೆಡೆ ಉಂಟು, ಅದು ಕೂಡದು. ಸಂಖ್ಯೆ ಒಮ್ಮೆ ಕೊಟ್ಟರೆ ಕೊಟ್ಟದ್ದೇ. ಪುಸ್ತಕ ಹೋದರೆ ಷರಾದಲ್ಲಿ ಹೋಯಿತೆಂದು ಬರೆದು, ದಿನಾಂಕ ಹಾಕಿ, ಮುಖ್ಯೋಪಾಧ್ಯಾಯರ ಸಹಿ ತೆಗೆದುಕೊಳ್ಳಬೇಕು.

ಎಣಿಕೆಯ ಜೊತೆಗೇ ಕಳೆ ಕೀಳುವ ಕೆಲಸವೂ ಆಗಬೇಕು. ನಮ್ಮ ಜನಕ್ಕೆ ಪುಸ್ತಕವನ್ನು ತೆಗೆದುಹಾಕುವುದೆಂದರೆ ಪಾಪಭೀತಿ. ಆದರೆ ರಾಜ್ಯದಲ್ಲಿ ಹತ್ತೊಂಬತ್ತೇ ಜಿಲ್ಲೆಗಳಿವೆ ಎನ್ನುವ ಭೂಗೋಳದ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು ಮಾಡುವುದೇನು? 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಸಂಖ್ಯೆ ಮೂವತ್ತೊಂದಾಯಿತು. ಒಂಬತ್ತು ಗ್ರಹಗಳನ್ನು ಎಣಿಸುವ ಖಗೋಳದ ಪುಸ್ತಕಗಳು ಇನ್ನೂ ಎಷ್ಟೋ ಇವೆ. ಪ್ಲೂಟೋವನ್ನು ಆ ಪಂಕ್ತಿಯಿಂದ ಎಬ್ಬಿಸಿದ್ದು 2006ರಲ್ಲಿ. ಹಳೆಯ ಗೈಡುಗಳು, ಎಂದೋ ಬದಲಾದ ಪಠ್ಯಕ್ರಮದ ಪ್ರಶ್ನೋತ್ತರಗಳು, ಯಾರದೋ ಮನೆಯ ಅಟ್ಟ ಗುಡಿಸಿದಾಗ ದಾನವಾಗಿ ಬಂದ ರದ್ದಿ, ಇವುಗಳು ಅರ್ಧ ಬೀರುವನ್ನು ಹಿಡಿದು ಕುಳಿತಿರುತ್ತವೆ. ಪಟ್ಟಿ ಮಾಡಿ, ಅನುಮತಿ ಪಡೆದು ವಿಲೇವಾರಿ ಮಾಡಬೇಕು. ಆದರೆ ಹಳೆಯದೆಲ್ಲ ಕಸವೆಂದು ಹೊರಡುವುದೂ ಅಪಾಯ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ ಮೂರು ಸಂಪುಟಗಳಲ್ಲಿ ಬಂದದ್ದು 1936ರಲ್ಲಿ. ಅಲ್ಲಿಯ ಅಂಕಿಸಂಖ್ಯೆಗಳು ಹಳತಾಗಿರಬಹುದು. ಒಬ್ಬ ಲೇಖಕ ಕನ್ನಡದ ಮಕ್ಕಳಿಗಾಗಿ ಲೋಕವನ್ನೆಲ್ಲ ವಿವರಿಸಲು ಹೊರಟ ಆ ಸಾಹಸ ಹಳತಾಗಿಲ್ಲ. ಅಂಥ ಪುಸ್ತಕ, ಊರಿನ ಚರಿತ್ರೆಯ ಪುಸ್ತಕ, ಶಾಲೆಯದೇ ಹಳೆಯ ವಾರ್ಷಿಕ ಸಂಚಿಕೆಗಳು ಸಿಕ್ಕಿದರೆ ಕೈಮುಗಿದು ಒಳಗಿಡಬೇಕು.

ಹರಿದ ಹಾಳೆಗಳಿಗೆ ಸೆಲೋಟೇಪು ಅಂಟಿಸುವುದನ್ನು ಮಾತ್ರ ದಯವಿಟ್ಟು ಬಿಡಬೇಕು. ಕೆಲವು ವರ್ಷಗಳಲ್ಲಿ ಟೇಪು ಉದುರಿ, ಅಂಟು ಕಾಗದದೊಳಕ್ಕಿಳಿದು, ಅಕ್ಷರದ ಮೇಲೆ ಕಂದು ಕಲೆ ನಿಲ್ಲುತ್ತದೆ. ತೆಳುವಾದ ಕಾಗದದ ಪಟ್ಟಿಯೂ ಗಂಜಿಯ ಅಂಟೂ ಸಾಕು.

ಇನ್ನು ಜೋಡಿಸುವ ಕ್ರಮ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯನ್ನು ದೊಡ್ಡ ಗ್ರಂಥಾಲಯಗಳಲ್ಲಿ ಕಾಣುತ್ತೇವೆ. ಸಾವಿರ ಎರಡು ಸಾವಿರ ಪುಸ್ತಕಗಳ ಶಾಲೆಗೆ ಅದರ ಉದ್ದುದ್ದದ ಸಂಖ್ಯೆಗಳು ಬೇಡವೆಂದೇ ನನ್ನ ಅಭಿಪ್ರಾಯ. ಕಥೆಗೆ ಒಂದು ಬಣ್ಣ, ವಿಜ್ಞಾನಕ್ಕೆ ಒಂದು, ಜೀವನಚರಿತ್ರೆಗೆ ಒಂದು, ಹೀಗೆ ಬೆನ್ನಿಗೆ ಬಣ್ಣದ ಪಟ್ಟಿ ಅಂಟಿಸಿದರೆ ಐದನೆಯ ತರಗತಿಯ ಹುಡುಗಿಯೂ ಪುಸ್ತಕವನ್ನು ತೆಗೆದ ಜಾಗಕ್ಕೇ ಇಡಬಲ್ಲಳು. ಬಣ್ಣಕ್ಕಿಂತ ಮುಖ್ಯವಾದದ್ದು ಎತ್ತರ. ಹತ್ತು ವರ್ಷದ ಮಗುವಿನ ಕೈ ಸುಮಾರು ಐದು ಅಡಿಯವರೆಗೆ ತಲಪೀತು. ಚಿಕ್ಕವರ ಪುಸ್ತಕಗಳು ಕೆಳಗೆ, ದೊಡ್ಡವರವು ಮೇಲೆ. ಎಲ್ಲ ಪುಸ್ತಕಗಳೂ ಬೆನ್ನು ತೋರಿಸಿಕೊಂಡು ನಿಂತಿದ್ದರೆ ಮಕ್ಕಳಿಗೆ ಯಾವುದೂ ಕಾಣುವುದಿಲ್ಲ. ಒಂದು ಮೇಜಿನ ಮೇಲೆ ಇಪ್ಪತ್ತು ಮೂವತ್ತನ್ನು ಮುಖ ಮೇಲಾಗಿ ಹರಡಿ, ವಾರಕ್ಕೊಮ್ಮೆ ಬದಲಿಸಬೇಕು. ಗಡಿಯ ಊರುಗಳಲ್ಲಿ, ಬೆಂಗಳೂರಿನಂಥ ಪೇಟೆಯಲ್ಲಿ, ಮನೆಯಲ್ಲಿ ಉರ್ದು, ತಮಿಳು, ತೆಲುಗು, ಮರಾಠಿ ಆಡುವ ಮಕ್ಕಳಿದ್ದಾರೆ. ಅವರ ಭಾಷೆಯ ನಾಲ್ಕು ಪುಸ್ತಕಗಳು ಆ ಮೇಜಿನ ಮೇಲೆ ಇದ್ದರೆ ಅವರಿಗೆ ಆ ಕೊಠಡಿ ತಮ್ಮದೂ ಅನಿಸುತ್ತದೆ.

ಮಕ್ಕಳು ತಾವೇ ಪುಸ್ತಕ ಮುಟ್ಟಿ ಆರಿಸಿಕೊಳ್ಳಲಿ ಎನ್ನುವುದು ಈಗ ಸಾಮಾನ್ಯ ಮಾತಾಗಿ ಕಾಣಬಹುದು. ನಮ್ಮ ದೇಶದಲ್ಲಿ ಅದಕ್ಕಾಗಿ ವಾದಿಸಿದವರಲ್ಲಿ ಪ್ರಮುಖರು ಎಸ್. ಆರ್. ರಂಗನಾಥನ್. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಓದುಗರಿಲ್ಲದ ಕೊಠಡಿಯಲ್ಲಿ ಕುಳಿತು ಕೆಲವೇ ದಿನಗಳಲ್ಲಿ ಬೇಸತ್ತು, ಹಳೆಯ ಕೆಲಸಕ್ಕೇ ಹಿಂದಿರುಗಲು ಹವಣಿಸಿದ್ದರಂತೆ. ಲಂಡನ್ನಿಗೆ ಹೋಗಿ, ಅಲ್ಲಿಯ ಗ್ರಂಥಾಲಯಗಳಲ್ಲಿ ಜನ ನೇರವಾಗಿ ಕಪಾಟಿಗೇ ಹೋಗಿ ಪುಸ್ತಕ ತೆಗೆಯುವುದನ್ನು ನೋಡಿ ಬಂದ ಮೇಲೆ ಅವರ ಮನಸ್ಸು ಬದಲಾಯಿತು. ಮದರಾಸಿನಲ್ಲಿಯೂ ಆ ಪದ್ಧತಿಯನ್ನೇ ತಂದರು. ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳ ಅವರ ಗ್ರಂಥ 1931ರದು. ಮೊದಲ ಸೂತ್ರದ ವಿಷಯವೇ ಪುಸ್ತಕದ ಬಳಕೆ. 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿ, 1962ರಲ್ಲಿ ಇಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಇಲ್ಲಿಯೇ ತೀರಿಕೊಂಡರು.

ಮೊದಲ ವಾರ ನಿಯಮಗಳ ಉಪದೇಶ ಬೇಡ. ಪ್ರತಿ ತರಗತಿಗೂ ಒಂದು ಅವಧಿ ಕೊಟ್ಟು, ಮಕ್ಕಳನ್ನು ಕೊಠಡಿಯೊಳಗೆ ಬಿಟ್ಟು, ಹೊರಡುವಾಗ ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ಪುಸ್ತಕ ಇರುವಂತೆ ನೋಡಿಕೊಂಡರೆ ಆಯಿತು. ತರಗತಿಗೊಂದು ಗೆರೆ ಹಾಕಿದ ವಹಿ, ಅದರಲ್ಲಿ ಹೆಸರು, ಪುಸ್ತಕದ ಸಂಖ್ಯೆ, ಕೊಟ್ಟ ದಿನ, ಬಂದ ದಿನ. ಬರೆಯುವ ಕೆಲಸವನ್ನು ಮೇಲಿನ ತರಗತಿಯ ಇಬ್ಬರು ಮಕ್ಕಳಿಗೆ ವಹಿಸಬಹುದು. ಪುಂಡನೆಂದು ಹೆಸರಾದ ಹುಡುಗನಿಗೆ ಬೀಗದ ಕೈ ಕೊಟ್ಟು ನೋಡಿ, ಅವನಷ್ಟು ಕಟ್ಟುನಿಟ್ಟಿನ ಕಾವಲುಗಾರ ಸಿಕ್ಕಲಾರ. ತಡಮಾಡಿದ್ದಕ್ಕೆ ದಂಡ ಹಾಕುವುದು ನನಗೆ ಹಿಡಿಸದು. ದಂಡ ಕೊಡಲಾರದ ಮಗು ಪುಸ್ತಕವನ್ನೂ ತರುವುದಿಲ್ಲ, ಮತ್ತೆ ಆ ಕಡೆ ಮುಖವನ್ನೂ ಹಾಕುವುದಿಲ್ಲ.

ದೀರ್ಘ ರಜದ ಪರಿಣಾಮ ಎಂಥದೆಂಬುದನ್ನು ನಾವು ಹತ್ತಿರದಿಂದಲೇ ನೋಡಿದ್ದೇವೆ. 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಮನೆಯಲ್ಲಿ ಪುಸ್ತಕವಿದ್ದ ಮಗುವಿಗೆ ಆ ಹತ್ತೊಂಬತ್ತು ತಿಂಗಳು ಒಂದು ರೀತಿಯಾಗಿ ಕಳೆಯಿತು. ಪಠ್ಯಪುಸ್ತಕ ಬಿಟ್ಟು ಬೇರೆ ಅಚ್ಚಿನ ಕಾಗದವೇ ಇಲ್ಲದ ಮನೆಯ ಮಗುವಿಗೆ ಬೇರೊಂದು ರೀತಿಯಾಗಿ. ಪ್ರತಿ ಬೇಸಗೆಯ ಎರಡು ತಿಂಗಳಲ್ಲಿಯೂ ಇದೇ ಕಥೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ರೇಡಿಯೋ, ಪತ್ರಿಕೆ, ನಾಲ್ಕು ಪುಸ್ತಕ ಇರುವ ಮನೆಗಳವರಾದ ನಾವು ಇದನ್ನು ಸುಲಭವಾಗಿ ಮರೆಯುತ್ತೇವೆ.

ಮನೆಗಳವರು ಮಾಡಬಹುದಾದದ್ದೂ ಉಂಟು. ಹೋದ ವರ್ಷ ಮಗು ತಂದ ಶಾಲೆಯ ಪುಸ್ತಕ ಹಾಸಿಗೆಯ ಕೆಳಗೋ ಅಜ್ಜಿಯ ಮನೆಯ ಗೂಡಿನಲ್ಲೋ ಉಳಿದಿದ್ದರೆ, ಎಣಿಕೆಗೆ ಮುಂಚೆ ಹಿಂದಕ್ಕೆ ಕಳಿಸಿ. ದಾನ ಕೊಡುವುದಾದರೆ ನಿಮ್ಮ ಮಗುವೇ ಓದಿ ಮೆಚ್ಚಿದ್ದನ್ನು ಕೊಡಿ. ಪಂಜೆಯವರದೋ ರಾಜರತ್ನಂ ಅವರದೋ ಒಂದು ಹೊಸ ಪ್ರತಿ ಹತ್ತು ಕೆಜಿ ಹಳೆಯ ಪುಸ್ತಕಕ್ಕಿಂತ ಮೇಲು. ಒಂದು ಶನಿವಾರ ಮಧ್ಯಾಹ್ನ ಶಾಲೆಗೆ ಹೋಗಿ ರಟ್ಟು ಹಾಕಲು ಕೈಜೋಡಿಸಬಹುದು. ಶಾಲೆಯ ಸಭೆಯಲ್ಲಿ ಫಲಿತಾಂಶದ ಶೇಕಡಾವಾರು ಕೇಳುವಾಗ, ಹೋದ ತಿಂಗಳು ಎಷ್ಟು ಪುಸ್ತಕ ಮಕ್ಕಳ ಮನೆಗೆ ಹೋದವು ಎಂದೂ ಒಂದು ಪ್ರಶ್ನೆ ಕೇಳಿ.

ಜೂನ್ ಜುಲೈ ತಿಂಗಳಲ್ಲಿ ಆಟದ ಬಯಲು ಕೆಸರಾಗಿ ಮಕ್ಕಳೆಲ್ಲ ಜಗಲಿಯಲ್ಲಿ ಗುಂಪುಗೂಡಿರುವಾಗ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಈ ಕೊಠಡಿಯನ್ನು ತೆರೆದಿಡುವುದು ಬಲು ಉಪಯುಕ್ತ. ಮನೆಗೆ ಒಯ್ಯುವ ಪುಸ್ತಕಕ್ಕೆ ಒಂದು ಪ್ಲಾಸ್ಟಿಕ್ ಚೀಲವನ್ನು ಮಕ್ಕಳೇ ತರಲಿ. ಆದರೂ ನೆನೆದು ಬಂದರೆ ಬೈಯಬೇಕಾಗಿಲ್ಲ: ಇಪ್ಪತ್ತು ಹಾಳೆಗೊಮ್ಮೆ ಹಳೆಯ ಪತ್ರಿಕೆಯ ಕಾಗದವನ್ನು ನಡುವೆ ಇಟ್ಟು, ಅದು ತೇವವಾದಂತೆ ಬದಲಿಸುತ್ತ, ಫ್ಯಾನಿನ ಗಾಳಿಗೆ ನಿಲ್ಲಿಸಿ, ಒಣಗಿದ ಮೇಲೆ ಎರಡು ದಿನ ಭಾರದ ಕೆಳಗಿಟ್ಟರೆ ಮತ್ತೆ ಓದಲು ಬರುತ್ತದೆ.